ಚೆಂಡು ಹೇಳಿದ ಲೆಕ್ಕ

ಫೆಬ್ರವರಿ ಬಂತೆಂದರೆ ಶಾಲೆಗಳಲ್ಲಿ ವಿಜ್ಞಾನ ದಿನದ ಸಡಗರ. ಥರ್ಮಾಕೋಲು, ಬಣ್ಣದ ಕಾಗದ, ಅಂಟು, ಸಣ್ಣ ಬಲ್ಬುಗಳಿಗೆ ಅಂಗಡಿಗಳಲ್ಲಿ ಎಲ್ಲಿಲ್ಲದ ಬೇಡಿಕೆ. ಜ್ವಾಲಾಮುಖಿ ಹೊಗೆ ಉಗುಳಬೇಕು, ಅಣೆಕಟ್ಟಿನಿಂದ ನೀರು ಧುಮುಕಬೇಕು, ಗ್ರಹಗಳು ತಿರುಗಬೇಕು. ಪ್ರಾಜೆಕ್ಟ್ ಮಕ್ಕಳದಾದರೂ ನಿದ್ದೆಗೆಡುವವರು ಅಪ್ಪ ಅಮ್ಮಂದಿರು. ಆನೇಕಲ್ಲಿನ ಹಳೆಯ ಬೀದಿಯೊಂದರ ಮನೆಯಲ್ಲಿ ಮಾತ್ರ ಈ ಯಾವ ಖರ್ಚೂ ಬರಲಿಲ್ಲ. ಅಲ್ಲಿ ಬೇಕಾಗಿದ್ದುದು ಒಂದು ಹಳೆಯ ಟೆನಿಸ್ ಚೆಂಡು, ಬಟ್ಟೆ ಅಳೆಯುವ ಟೇಪು ಮತ್ತು ಒಂದು ನೋಟ್ ಪುಸ್ತಕ ಅಷ್ಟೆ. ಆದರೂ ಆ ಮನೆಯಲ್ಲಿ ಒಂದು ರಾತ್ರಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಎಂಟನೇ ತರಗತಿಯ ಹುಡುಗ ಆರಿಸಿಕೊಂಡಿದ್ದ ವಿಷಯ ಬಹಳ ಸರಳವಾದದ್ದು: 'ಚೆಂಡು ಎಷ್ಟು ಎತ್ತರ ಪುಟಿಯುತ್ತದೆ?' ಕೆರೆ ಅಂಗಳದಲ್ಲಿ ಕ್ರಿಕೆಟ್ ಆಡುವ ಹುಡುಗನಿಗೆ ಇದಕ್ಕಿಂತ ಹತ್ತಿರದ ವಿಷಯ ಇನ್ನೇನಿದ್ದೀತು? ಮನೆಯ ಮುಂದಿನ ಚಪ್ಪಡಿ ಕಲ್ಲಿನ ಪಕ್ಕದ ಗೋಡೆಗೆ ಟೇಪು ಅಂಟಿಸಿದ. 50, 100, 150, 200 ಸೆಂಟಿಮೀಟರ್ ಎತ್ತರಗಳಿಂದ ಚೆಂಡನ್ನು ಬಿಟ್ಟ. ಎಷ್ಟು ಎತ್ತರಕ್ಕೆ ಬಂತೆಂದು ತಂಗಿ ಕೂಗಿ ಹೇಳಿದಳು, ಅವನು ಬರೆದುಕೊಂಡ. 50ರಿಂದ ಬಿಟ್ಟಾಗ 27. 100ರಿಂದ ಬಿಟ್ಟಾಗ 50. 150ರಿಂದ 72. 200ರಿಂದ 94. ಮರುದಿನ ಮಧ್ಯಾಹ್ನ ಇನ್ನೊಮ್ಮೆ ನೋಡೋಣವೆಂದು 100ರಿಂದ ಬಿಟ್ಟರೆ 50 ಬರುವ ಬದಲು 56 ಬಂತು.

ಅವನ ಬಳಿ ಒಂದು ಗೈಡ್ ಇತ್ತು. ಅದರಲ್ಲಿ ಎತ್ತರ ಎರಡರಷ್ಟಾದರೆ ಪುಟಿತವೂ ಎರಡರಷ್ಟು ಎಂದಿತ್ತು. ಗೆರೆ ಎಳೆದಂತಹ ನೇರವಾದ ನಕ್ಷೆ. ಅದರ ಪ್ರಕಾರ ಅವನಿಗೆ 25, 50, 75, 100 ಬರಬೇಕಾಗಿತ್ತು. ಹುಡುಗ ಸ್ವಲ್ಪ ಹೊತ್ತು ಯೋಚಿಸಿದ. ಆಮೇಲೆ ರಬ್ಬರ್ ತೆಗೆದುಕೊಂಡು 27 ಅಳಿಸಿ 25 ಮಾಡಿದ, 72 ಅಳಿಸಿ 75 ಮಾಡಿದ, 94 ಅಳಿಸಿ 100 ಮಾಡಿದ. 56 ಅನ್ನಂತೂ ಪೂರ್ತಿ ತೆಗೆದೇಬಿಟ್ಟ. ನಕ್ಷೆ ಅಂದವಾಗಿ ಬಂತು.

ಪುಟದಲ್ಲಿ ಕಂಡ ಅಚ್ಚು

ಹುಡುಗನ ತಂದೆಗೆ ಜಿಗಣಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಕೆಲಸ. ಲೇತ್‌ನಿಂದ ಇಳಿದ ಜಾಬ್‌ಗಳನ್ನು ಮೈಕ್ರೋಮೀಟರ್ ಹಿಡಿದು ಅಳೆಯುವುದು, ಅಳತೆಯನ್ನು ಹಾಳೆಯಲ್ಲಿ ತುಂಬುವುದು, ಮಿತಿ ಮೀರಿದ್ದನ್ನು ಕೆಂಪು ಡಬ್ಬಿಗೆ ಹಾಕುವುದು. ಇಪ್ಪತ್ತು ವರ್ಷದಿಂದ ದಿನವೂ ಅದೇ. ಆ ಸಂಜೆ ಪಾಳಿ ಮುಗಿಸಿ ಬಂದವರು ಕಾಫಿ ಕುಡಿಯುತ್ತ ಮಗನ ಪುಸ್ತಕ ತಿರುವಿದರು. ಪುಟ ನಾಲ್ಕು ಕಡೆ ತೆಳ್ಳಗಾಗಿತ್ತು. ಬಲ್ಬಿಗೆ ಹಿಡಿದು ನೋಡಿದರೆ ಪೆನ್ಸಿಲ್ ಒತ್ತಿದ ಅಚ್ಚು ಕಾಣುತ್ತಿತ್ತು. 27, 72, 94, 56.

"ಯಾರೋ ಅಳಿಸಿದ್ದು?"

"ನಾನೇ ಅಪ್ಪ. ತಪ್ಪು ಬಂದಿತ್ತು."

"ತಪ್ಪು ಅಂತ ಯಾರು ಹೇಳಿದ್ರು?"

"ಗೈಡಲ್ಲಿ ಬೇರೆ ಇದೆ."

ತಾಯಿ ಅಡುಗೆಮನೆಯಿಂದಲೇ ಅಂದರು: "ಹೋಗ್ಲಿ ಬಿಡ್ರೀ. ಅವನ ಕ್ಲಾಸಲ್ಲಿ ಎಲ್ಲಾ ಮಕ್ಕಳೂ ಗೈಡಲ್ಲಿರೋದನ್ನೇ ಬರೆದಿರ್ತಾರೆ. ಇವನೊಬ್ಬಂದು ಬೇರೆ ಬಂದ್ರೆ ಮಾರ್ಕ್ಸ್ ಕೊಡ್ತಾರಾ? ಹತ್ತು ಮಾರ್ಕ್ಸ್ ಇದೆಯಂತೆ."

ತಾಯಿಯ ಮಾತನ್ನು ತಳ್ಳಿಹಾಕುವಂತಿಲ್ಲ. ಹತ್ತು ಅಂಕ ಎಂದರೆ ಹತ್ತು ಅಂಕವೇ. ಯಾವ ಮನೆಯಲ್ಲಿ ಈ ಮಾತು ಕೇಳಿಬರುವುದಿಲ್ಲ? ಮಕ್ಕಳು ಉತ್ತರವನ್ನು ಮೊದಲು ನೋಡಿ ಆಮೇಲೆ ಪ್ರಯೋಗ ಮಾಡುವ ಅಭ್ಯಾಸ ಕಲಿಯುವುದು ಯಾರೋ ಕೆಟ್ಟವರು ಕಲಿಸಿಕೊಟ್ಟದ್ದರಿಂದಲ್ಲ. ಅವರ ಒಳ್ಳೆಯದನ್ನೇ ಬಯಸುವವರ ಆತಂಕದಿಂದ.

ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಳಿಕ ತಾವು ಎಂದೂ ಮನೆಯಲ್ಲಿ ಹೇಳದಿದ್ದ ಸಂಗತಿಯೊಂದನ್ನು ಹೇಳಿದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಒಂದು ರಾತ್ರಿ ಪಾಳಿಯಲ್ಲಿ, ಐವತ್ತು ಜಾಬ್‌ಗಳಲ್ಲಿ ಮೊದಲ ಹತ್ತನ್ನು ಅಳೆದು ಉಳಿದ ನಲವತ್ತಕ್ಕೂ ಅದೇ ಅಂಕಿ ತುಂಬಿದ್ದರು. ಎಲ್ಲ ಸರಿಯಾಗಿಯೇ ಬರುತ್ತಿತ್ತಲ್ಲ ಎಂಬ ಧೈರ್ಯ. ನಡುವೆ ಎಲ್ಲೋ ಯಂತ್ರದ ಟೂಲ್ ಸವೆದಿತ್ತು. ಇಡೀ ಸರಕು ವಾಪಸ್ ಬಂತು. ಮೇಲಿನವರು ಕರೆದು ಕೇಳಿದ್ದು ಒಂದೇ ಮಾತು: "ಅಳೆದು ಬರೆದಿರೋ, ನೋಡಿ ಬರೆದಿರೋ?" ಅಂದು ತಲೆ ತಗ್ಗಿಸಿ ನಿಂತದ್ದು ಇನ್ನೂ ಮರೆತಿಲ್ಲ ಎಂದರು.

"ನಿನ್ನ ಅಂಕಿ ತಪ್ಪಿದ್ರೂ ಇರಬಹುದು ಕಣೋ. ಆದರೆ ತಪ್ಪೋ ಸರಿಯೋ ಅಂತ ಮತ್ತೆ ಅಳೆದು ನೋಡಬೇಕು. ಅಳಿಸಿಬಿಟ್ಟರೆ ಗೊತ್ತಾಗೋದು ಹೆಂಗೆ?"

ಹುಡುಗ ಅಳು ನುಂಗಿಕೊಂಡು ಎದ್ದುಹೋದ. ತಟ್ಟೆಯಲ್ಲಿದ್ದ ಮುದ್ದೆ ಆರಿತು.

ಭಾನುವಾರದ ಅಳತೆ

ಭಾನುವಾರ ಬೆಳಿಗ್ಗೆ ತಂದೆ ಮಗ ಇಬ್ಬರೂ ಚಪ್ಪಡಿ ಕಲ್ಲಿನ ಮುಂದೆ ಕೂತರು. ತಂದೆ ಮೊದಲು ಅಳೆಯುವ ಕ್ರಮ ಹೇಳಿಕೊಟ್ಟರು. ಚೆಂಡಿನ ಯಾವ ಭಾಗವನ್ನು ಅಳೆಯುವುದು, ತಲೆಯನ್ನೋ ತಳವನ್ನೋ? ತಳ ಎಂದಾದರೆ ಬಿಡುವಾಗಲೂ ತಳ, ಪುಟಿದಾಗಲೂ ತಳ. ಚೆಂಡನ್ನು ಎಸೆಯಬಾರದು, ಬೆರಳು ಬಿಡಿಸಬೇಕು ಅಷ್ಟೆ. ನೋಡುವ ಕಣ್ಣು ಚೆಂಡು ಏರುವ ಮಟ್ಟಕ್ಕೇ ಇರಬೇಕು. ಮೇಲಿನಿಂದ ಬಗ್ಗಿ ನೋಡಿದರೆ ಒಂದು ಅಂಕಿ, ಕೆಳಗಿನಿಂದ ನೋಡಿದರೆ ಇನ್ನೊಂದು. ತಂಗಿಯ ಕಣ್ಣಿನ ಬದಲು ಮೊಬೈಲ್ ಫೋನನ್ನು ಇಟ್ಟಿಗೆಯ ಮೇಲಿಟ್ಟು ಚಿತ್ರ ಹಿಡಿದು, ನಿಧಾನವಾಗಿ ಓಡಿಸಿ ನೋಡಿದರು. ಪ್ರತಿ ಎತ್ತರದಿಂದಲೂ ಐದೈದು ಸಲ. ಬರೆದದ್ದು ಪೆನ್ನಿನಲ್ಲಿ.

ಫಲಿತಾಂಶ? 50ರಿಂದ ಮತ್ತೆ 27ರ ಆಸುಪಾಸು. 200ರಿಂದ ಮತ್ತೆ 94, ಒಮ್ಮೆ 95. ಹುಡುಗ ಅಳಿಸಿದ್ದ ಅಂಕಿಗಳೇ ಒಂದೊಂದಾಗಿ ಹಿಂತಿರುಗಿ ಬಂದವು. ಶೇಕಡಾ ಲೆಕ್ಕ ಹಾಕಿದರೆ 50 ಸೆಂಟಿಮೀಟರಿನಿಂದ ಬಿದ್ದ ಚೆಂಡು ಬಿಟ್ಟ ಎತ್ತರದ 54 ಪಾಲು ಮೇಲೆದ್ದಿತ್ತು, 100ರಿಂದ ಬಿದ್ದದ್ದು 50 ಪಾಲು, 200ರಿಂದ ಬಿದ್ದದ್ದು 47 ಪಾಲು ಮಾತ್ರ. ಎತ್ತರ ಹೆಚ್ಚಿದಂತೆಲ್ಲ ಚೆಂಡು ಹೆಚ್ಚು ನೆಗೆಯುತ್ತದೆ, ನಿಜ. ಆದರೆ ಅದು ಹಿಂತಿರುಗಿಸುವ ಪಾಲು ಕಡಿಮೆಯಾಗುತ್ತದೆ.

ಆದರೆ 56 ಬರಲಿಲ್ಲ. ಹತ್ತು ಸಲ ಬಿಟ್ಟರೂ 50, 51, 49. "ಅದೊಂದು ತಪ್ಪೇ ಅಪ್ಪ" ಎಂದ ಹುಡುಗ. ತಂದೆಯೂ ಇರಬಹುದು ಎಂದುಕೊಂಡರು.

ಒಗೆದ ಬಟ್ಟೆಯ ಬಕೆಟ್ ಹಿಡಿದು ತಾರಸಿಗೆ ಹೊರಟಿದ್ದ ತಾಯಿ ನಿಂತು ಕೇಳಿದರು: "ಅವತ್ತು ಮಧ್ಯಾಹ್ನ ಚೆಂಡು ಎಲ್ಲಿತ್ತು? ನನ್ನ ಸಂಡಿಗೆ ಮೇಲೆ ಬಿದ್ದಿತ್ತಲ್ಲ, ಅದೇ ದಿನವಾ?"

ಅದೇ ದಿನ. ಬೆಳಿಗ್ಗೆ ಆಡುವಾಗ ಚೆಂಡು ತಾರಸಿಗೆ ಹಾರಿ, ಸಂಡಿಗೆಯ ಮೇಲೆ ಬಿದ್ದು, ಉರುಳಿ, ಮೂಲೆಯ ತಗಡಿನ ಮೇಲೆ ಮಧ್ಯಾಹ್ನ ಮೂರರವರೆಗೆ ಬಿಸಿಲಲ್ಲಿ ಬಿದ್ದಿತ್ತು. ಕೈಗೆತ್ತಿಕೊಂಡಾಗ ಸುಡುತ್ತಿತ್ತು ಎಂದು ಹುಡುಗನಿಗೆ ಆಗ ನೆನಪಾಯಿತು. ಅಂದು ಮಧ್ಯಾಹ್ನವೇ ಚೆಂಡನ್ನು ಅದೇ ತಗಡಿನ ಮೇಲೆ ಎರಡು ಗಂಟೆ ಇಟ್ಟರು. ಬಿಟ್ಟರೆ 55, 56, 56! ಆಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರಿಜ್ಜಿನಲ್ಲಿಟ್ಟು ಸಂಜೆ ತೆಗೆದರು. 43. ಅದೇ ಚೆಂಡು, ಅದೇ ಕಲ್ಲು, ಅದೇ ಎತ್ತರ. ಬದಲಾದದ್ದು ಬಿಸಿ ಒಂದೇ. ಹುಡುಗ ಸಂಪೂರ್ಣ ತೆಗೆದುಹಾಕಿದ್ದ ಅಂಕಿಯೇ ಅವನಿಗೆ ಹೊಸ ವಿಷಯವನ್ನು ಕಲಿಸಿತ್ತು.

ಕಳೆದುಹೋಗುವ ಅರ್ಧ

ಒಂದು ಮೀಟರ್ ಮೇಲಿನಿಂದ ಬಿಟ್ಟ ಚೆಂಡು ಅರ್ಧ ಮೀಟರಿಗೇ ನಿಲ್ಲುವುದೇಕೆ? ಉಳಿದರ್ಧ ಎಲ್ಲಿ ಹೋಯಿತು?

ಎತ್ತಿ ಹಿಡಿದ ಚೆಂಡಿನಲ್ಲಿ ಎತ್ತರದ ಕಾರಣದಿಂದಲೇ ಒಂದಷ್ಟು ಶಕ್ತಿ ಅಡಗಿರುತ್ತದೆ. ಬೀಳುತ್ತ ಬೀಳುತ್ತ ಅದು ಚಲನ ಶಕ್ತಿಯಾಗುತ್ತದೆ. ಒಂದು ಮೀಟರ್ ಬಿದ್ದ ಚೆಂಡು ನೆಲ ಮುಟ್ಟುವಾಗ ಗಂಟೆಗೆ ಸುಮಾರು 16 ಕಿಲೋಮೀಟರ್ ವೇಗದಲ್ಲಿರುತ್ತದೆ. ನೆಲಕ್ಕೆ ತಾಕಿ ಬಿಡುವ ಕಾಲ ಸೆಕೆಂಡಿನ ಸಾವಿರದಲ್ಲಿ ನಾಲ್ಕೈದು ಭಾಗ ಮಾತ್ರ. ಅಷ್ಟರಲ್ಲೇ ಚೆಂಡು ಚಪ್ಪಟೆಯಾಗುತ್ತದೆ, ಒಳಗಿನ ಗಾಳಿ ಒತ್ತಿಕೊಳ್ಳುತ್ತದೆ, ರಬ್ಬರಿನ ಗೋಡೆ ಬಾಗುತ್ತದೆ. ಮರುಕ್ಷಣ ಅವು ತಮ್ಮ ಮೊದಲಿನ ಆಕಾರಕ್ಕೆ ಬರುವಾಗ ಚೆಂಡನ್ನು ಮೇಲಕ್ಕೆ ತಳ್ಳುತ್ತವೆ. ಒತ್ತಿಕೊಂಡ ಗಾಳಿ ತಾನು ಪಡೆದದ್ದನ್ನು ಹೆಚ್ಚುಕಡಿಮೆ ಪೂರ್ತಿ ಹಿಂತಿರುಗಿಸುತ್ತದೆ. ರಬ್ಬರ್ ಹಾಗಲ್ಲ. ಅದರೊಳಗಿನ ಉದ್ದುದ್ದ ಅಣುಗಳು ಒಂದರ ಮೇಲೊಂದು ಉಜ್ಜಿಕೊಂಡು ಒಂದಷ್ಟು ಶಕ್ತಿಯನ್ನು ಬಿಸಿಯಾಗಿ ಕಳೆಯುತ್ತವೆ. 'ಟಪ್' ಎಂಬ ಸದ್ದಿಗೂ ಸ್ವಲ್ಪ ಹೋಗುತ್ತದೆ, ಗಾಳಿಯ ತಡೆಗೂ ಸ್ವಲ್ಪ.

ಹಾಗಾದರೆ ಪುಟಿದ ಚೆಂಡು ಬಿಸಿಯಾಗಬೇಕಲ್ಲ? ಆಗುತ್ತದೆ. ಆದರೆ ಒಂದು ಸಲಕ್ಕೆ ಏರುವುದು ಒಂದು ಡಿಗ್ರಿಯ ಸಾವಿರದಲ್ಲಿ ಎರಡು ಮೂರು ಭಾಗ, ಕೈಗೆ ತಿಳಿಯದು. ಸ್ಕ್ವಾಷ್ ಆಟದಲ್ಲಿ ಮಾತ್ರ ಇದು ಕಣ್ಣಿಗೇ ಕಾಣುತ್ತದೆ. ಅದರ ಪುಟ್ಟ ರಬ್ಬರ್ ಚೆಂಡು ತಣ್ಣಗಿದ್ದಾಗ ಏಳುವುದೇ ಇಲ್ಲ. ಆಟಗಾರರು ಮೊದಲು ಗೋಡೆಗೆ ಬಲವಾಗಿ ಹೊಡೆದು ಹೊಡೆದು ಅದನ್ನು ಬಿಸಿ ಮಾಡಿಕೊಂಡೇ ಆಟ ಶುರುಮಾಡುತ್ತಾರೆ.

ಬಿಸಿಯಾದ ಚೆಂಡು ಹೆಚ್ಚು ನೆಗೆಯುವುದಕ್ಕೆ ಕಾರಣ ಎರಡು. ಒಳಗಿನ ಗಾಳಿಯ ಒತ್ತಡ ಏರುತ್ತದೆ. ರಬ್ಬರಿನ ಅಣುಗಳು ಸಲೀಸಾಗಿ ಸರಿದಾಡುವುದರಿಂದ ಕಳೆದುಕೊಳ್ಳುವ ಶಕ್ತಿ ಕಡಿಮೆಯಾಗುತ್ತದೆ. ಅದಕ್ಕೇ ಲಂಡನ್ನಿನ ವಿಂಬಲ್ಡನ್ ಪಂದ್ಯಗಳಲ್ಲಿ ಚೆಂಡುಗಳನ್ನು 20 ಡಿಗ್ರಿ ಸೆಲ್ಸಿಯಸ್‌ನಲ್ಲೇ ಇಟ್ಟಿರುತ್ತಾರೆ. ಅಂತರರಾಷ್ಟ್ರೀಯ ಟೆನಿಸ್ ನಿಯಮಗಳ ಪ್ರಕಾರ ಸಾಮಾನ್ಯ ಚೆಂಡನ್ನು ಪರೀಕ್ಷಿಸುವ ಬಗೆಯೂ ಆನೇಕಲ್ಲಿನ ಹುಡುಗ ಮಾಡಿದ್ದರಂತೆಯೇ ಇದೆ: 254 ಸೆಂಟಿಮೀಟರ್ ಎತ್ತರದಿಂದ ಕಾಂಕ್ರೀಟಿನಂತಹ ಗಟ್ಟಿ ನೆಲಕ್ಕೆ ಬಿಟ್ಟಾಗ 135ರಿಂದ 147 ಸೆಂಟಿಮೀಟರ್ ಒಳಗೆ ಏಳಬೇಕು. ಆ ಅಳತೆಯನ್ನೂ 20 ಡಿಗ್ರಿಯಲ್ಲೇ ಮಾಡಬೇಕು. ಟೇಬಲ್ ಟೆನಿಸ್‌ನಲ್ಲಿ ಮೇಜಿಗೂ ಇಂಥ ಪರೀಕ್ಷೆಯಿದೆ. 30 ಸೆಂಟಿಮೀಟರ್ ಮೇಲಿನಿಂದ ಬಿಟ್ಟ ಚೆಂಡು ಮೇಜಿನ ಯಾವ ಮೂಲೆಯಲ್ಲೂ ಸುಮಾರು 23 ಸೆಂಟಿಮೀಟರ್ ಏಳಬೇಕು.

ಇಲ್ಲಿ ಅನೇಕ ಮಕ್ಕಳು ಎಡವುವ ಜಾಗವೊಂದಿದೆ. ಚೆಂಡು ಅರ್ಧ ಎತ್ತರಕ್ಕೆ ಬಂತೆಂದರೆ ಅದರ ವೇಗವೂ ಅರ್ಧವಾಯಿತೆಂದಲ್ಲ. ಎತ್ತರ ವೇಗದ ವರ್ಗವನ್ನು ಅನುಸರಿಸುತ್ತದೆ. ಅರ್ಧ ಎತ್ತರಕ್ಕೆ ಏರುವ ಚೆಂಡು ಬಂದ ವೇಗದ ಹತ್ತರಲ್ಲಿ ಏಳು ಪಾಲು ಉಳಿಸಿಕೊಂಡಿರುತ್ತದೆ. ನಿಜಕ್ಕೂ ವೇಗ ಅರ್ಧವಾದರೆ ಎತ್ತರ ಕಾಲು ಭಾಗಕ್ಕೆ ಇಳಿಯುತ್ತದೆ. ಇನ್ನೊಂದು ತಪ್ಪು ನಂಬಿಕೆ, ಭಾರದ ಚೆಂಡು ಹೆಚ್ಚು ಪುಟಿಯುತ್ತದೆ ಎಂಬುದು. ಭಾರ ಹೆಚ್ಚಿದ್ದರೆ ಬೀಳುವಾಗ ಶಕ್ತಿಯೂ ಹೆಚ್ಚು, ಏರಲು ಬೇಕಾದ ಶಕ್ತಿಯೂ ಅಷ್ಟೇ ಹೆಚ್ಚು. ಎತ್ತರವನ್ನು ತೀರ್ಮಾನಿಸುವುದು ಭಾರವಲ್ಲ, ಯಾವುದರಿಂದ ಮಾಡಿದ್ದು ಎಂಬುದು.

ಮುದ್ದೆಯೂ ಗೋಲಿಯೂ

ಇಷ್ಟೆಲ್ಲ ನಡೆಯುವಾಗ ಜಗಲಿಯ ಮೇಲಿದ್ದ ಅಜ್ಜಿ ಕೇಳಿದರು: "ರಾಗಿ ಮುದ್ದೆ ಯಾಕೆ ಎಗರಲ್ಲ? ಅದೂ ಗುಂಡಗೇ ಐತಲ್ಲ?" ಎಲ್ಲರೂ ನಕ್ಕರು. ಆದರೆ ಪ್ರಶ್ನೆ ನಗುವಂಥದ್ದಲ್ಲ. ಮುದ್ದೆ ಬಿದ್ದರೆ ಚಪ್ಪಟೆಯಾಗುತ್ತದೆ, ಹಾಗೆಯೇ ಉಳಿಯುತ್ತದೆ. ಮೊದಲಿನ ಆಕಾರಕ್ಕೆ ಬರುವ ಗುಣ ಅದಕ್ಕಿಲ್ಲ. ಬಿದ್ದಾಗಿನ ಶಕ್ತಿಯೆಲ್ಲ ಅದರ ರೂಪ ಕೆಡಿಸುವುದಕ್ಕೇ ಮುಗಿದುಹೋಗುತ್ತದೆ. ಪುಟಿಯಬೇಕಾದರೆ ಬಾಗಿದ್ದು ಮತ್ತೆ ನೆಟ್ಟಗಾಗಬೇಕು. ಆ ಗುಣಕ್ಕೇ ಸ್ಥಿತಿಸ್ಥಾಪಕತೆ ಎಂದು ಹೆಸರು.

ಅಜ್ಜಿಯ ಪ್ರಶ್ನೆಯಿಂದ ಹುರುಪುಗೊಂಡ ಹುಡುಗ ಕೈಗೆ ಸಿಕ್ಕಿದ್ದನ್ನೆಲ್ಲ ಬಿಟ್ಟು ನೋಡಿದ. ಜಾತ್ರೆಯಲ್ಲಿ ತಂದ ಗಟ್ಟಿ ರಬ್ಬರಿನ ಬಣ್ಣದ ಚೆಂಡು ಒಂದು ಮೀಟರಿನಿಂದ 80ಕ್ಕೂ ಮೇಲೆ ನೆಗೆಯಿತು. ಕಾರ್ಕ್ ಬಾಲ್ 30ರ ಹತ್ತಿರ ನಿಂತಿತು. ಗಾಜಿನ ಗೋಲಿ ಒಡೆದೀತೆಂದು 30 ಸೆಂಟಿಮೀಟರಿನಿಂದ ಮಾತ್ರ ಬಿಟ್ಟ. ಚಪ್ಪಡಿಯ ಮೇಲೆ ಅದು 20 ದಾಟಿತು. ಪಾಲಿನ ಲೆಕ್ಕದಲ್ಲಿ ಗಾಜು ಟೆನಿಸ್ ಚೆಂಡನ್ನು ಸೋಲಿಸಿದ್ದು ಕಂಡು ಹುಡುಗನಿಗೆ ನಂಬಲಾಗಲಿಲ್ಲ. ಮೆತ್ತಗಿರುವುದೇ ಚೆನ್ನಾಗಿ ಪುಟಿಯುತ್ತದೆ ಎಂದು ಎಲ್ಲರಂತೆ ಅವನೂ ತಿಳಿದಿದ್ದ. ಗಾಜು ಬಾಗುವುದು ಕಣ್ಣಿಗೆ ಕಾಣದಷ್ಟು ಕಡಿಮೆ, ಆದರೆ ಬಾಗಿದ್ದನ್ನು ಹೆಚ್ಚು ಕಳೆಯದೆ ಹಿಂತಿರುಗಿಸುತ್ತದೆ.

ನೆಲದ ಪಾತ್ರವೂ ಚೆಂಡಿನಷ್ಟೇ ದೊಡ್ಡದು. ಆನೇಕಲ್ ತಾಲ್ಲೂಕಿನಲ್ಲಿ ಕಲ್ಲಿಗೆ ಕೊರತೆಯಿಲ್ಲ. ಜಿಗಣಿಯಲ್ಲಿ ಗ್ರಾನೈಟ್ ಕೊಯ್ದು ಹೊಳಪು ಕೊಡುವ ಕಾರ್ಖಾನೆಗಳೇ ಇವೆ. ಗ್ರಾನೈಟ್ ಚಪ್ಪಡಿಯ ಮೇಲೂ ಸಿಮೆಂಟ್ ನೆಲದ ಮೇಲೂ ಟೆನಿಸ್ ಚೆಂಡು ಏಳುವ ಎತ್ತರದಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಎರಡೂ ಚೆಂಡಿಗಿಂತ ಬಹಳ ಗಟ್ಟಿ, ಬಾಗುವುದೆಲ್ಲ ಚೆಂಡೇ. ಅಗೆದ ಮಣ್ಣಿನ ಮೇಲೆ ಮಾತ್ರ ಒಂದು ಗೇಣೂ ಏಳಲಿಲ್ಲ. ಮರಳಿನ ಗುಡ್ಡೆಯ ಮೇಲಂತೂ ಎರಡು ಬೆರಳು. ಮಣ್ಣಿನ ಕಣಗಳು ಸರಿದು ಶಕ್ತಿಯನ್ನು ನುಂಗಿಬಿಡುತ್ತವೆ, ಮುದ್ದೆಯ ಹಾಗೆ. ಒಣಗಿ ಬಿರುಸಾದ ಕೆರೆ ಅಂಗಳದಲ್ಲಿ ಎದೆಮಟ್ಟಕ್ಕೆ ಬರುವ ಚೆಂಡು ಮಳೆ ಬಿದ್ದ ಮರುದಿನ ಮೊಣಕಾಲಿಗೂ ಬರದಿರುವುದು ಇದಕ್ಕೇ. ಪಿಚ್‌ಗೆ ಜೇಡಿ ಮಣ್ಣು ಹಾಕಿ, ನೀರು ಕುಡಿಸಿ, ದಿನಗಟ್ಟಲೆ ರೋಲರ್ ಎಳೆಯುವುದೂ ಇದಕ್ಕೇ.

ಎಸೆಯುವವರ ಕೈ ಎಷ್ಟು ಎತ್ತರದಲ್ಲಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. 1999ರ ಫೆಬ್ರವರಿ 7ರಂದು ದೆಹಲಿಯಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್‌ಗಳನ್ನು 74 ರನ್‌ಗಳಿಗೆ ಪಡೆದ ಬೆಂಗಳೂರಿನ ಅನಿಲ್ ಕುಂಬ್ಳೆ ಚೆಂಡನ್ನು ತಿರುಗಿಸಿದ್ದಕ್ಕಿಂತ ನೆಗೆಸಿ ಹೆಸರಾದವರು. ಎತ್ತರದ ಮೈಕಟ್ಟು, ಇತರ ಸ್ಪಿನ್ನರುಗಳಿಗಿಂತ ಹೆಚ್ಚಿನ ವೇಗ, ಮುಂದಕ್ಕೆ ಉರುಳುವಂತೆ ಕೊಡುವ ತಿರುಗು. ಮುಂದಕ್ಕೆ ತಿರುಗುವ ಚೆಂಡು ಗಾಳಿಯಲ್ಲಿ ಬೇಗ ಕೆಳಗಿಳಿಯುತ್ತದೆ, ನೆಲವನ್ನು ಕಡಿದಾಗಿ ತಾಕುತ್ತದೆ, ಹಾಗಾಗಿ ಬ್ಯಾಟ್ಸ್‌ಮನ್ ಎಣಿಸಿದ್ದಕ್ಕಿಂತ ಮೇಲೇಳುತ್ತದೆ. ಕುಂಬ್ಳೆ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವೀಧರರು ಎಂಬುದನ್ನು ಕ್ರಿಕೆಟ್ ಆಡಬೇಡ ಓದು ಎನ್ನುವ ತಂದೆತಾಯಿಗಳೂ, ಓದಬೇಡ ಆಡೋಣ ಬಾ ಎನ್ನುವ ಗೆಳೆಯರೂ ನೆನಪಿಡಬಹುದು.

ನ್ಯೂಟನ್, ರಾಮನ್ ಮತ್ತು 27

ಹುಡುಗ ಅಳಿಸಿದ್ದ 27 ಮತ್ತು 94ರ ಕಥೆ ಬಾಕಿ ಇದೆ. ಇದು ಆನೇಕಲ್ಲಿನ ಚಪ್ಪಡಿಯ ದೋಷವಲ್ಲ. ಇದರ ಹಿಂದೆ ದೊಡ್ಡವರ ದುಡಿಮೆಯಿದೆ.

1687ರಲ್ಲಿ ಪ್ರಕಟವಾದ 'ಪ್ರಿನ್ಸಿಪಿಯಾ' ಗ್ರಂಥದಲ್ಲಿ ನ್ಯೂಟನ್ ಡಿಕ್ಕಿಗಳ ಪ್ರಯೋಗವನ್ನು ವಿವರಿಸಿದ್ದಾನೆ. ಹತ್ತು ಅಡಿ ಉದ್ದದ ದಾರಗಳಿಗೆ ಗುಂಡುಗಳನ್ನು ತೂಗುಬಿಟ್ಟು, ಒಂದಕ್ಕೊಂದು ತಾಕಿಸಿ, ಎಷ್ಟು ದೂರ ಹಿಮ್ಮೆಟ್ಟಿದವೆಂದು ಅಳೆದ. ಗಾಳಿಯ ತಡೆಯಿಂದಾಗುವ ನಷ್ಟವನ್ನೂ ಬಿಡದೆ ಲೆಕ್ಕಕ್ಕೆ ತೆಗೆದುಕೊಂಡ. ಬಿಗಿಯಾಗಿ ಸುತ್ತಿದ ಉಣ್ಣೆಯ ಉಂಡೆಗಳು 9 ಪಾಲು ವೇಗದಲ್ಲಿ ಬಂದರೆ 5 ಪಾಲು ವೇಗದಲ್ಲಿ ಹಿಂತಿರುಗಿದವು. ಗಾಜಿನವು 16 ಪಾಲಿಗೆ 15 ಪಾಲು ಕೊಟ್ಟವು. ಉಕ್ಕು ಹೆಚ್ಚುಕಡಿಮೆ ಬಂದಷ್ಟೇ ವೇಗದಲ್ಲಿ ಮರಳಿತು. ವಸ್ತುವಿಗೊಂದು ನಿಶ್ಚಿತ ಪಾಲಿದೆ ಎಂಬ ನಿಯಮ ಹುಟ್ಟಿದ್ದು ಹೀಗೆ. ಗೈಡಿನ ನೇರ ಗೆರೆ ಈ ನಿಯಮದ್ದೇ. ಅದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ.

ಆ ಪಾಲು ಡಿಕ್ಕಿಯ ವೇಗದೊಂದಿಗೆ ಸ್ವಲ್ಪ ಬದಲಾಗುತ್ತದೆ. ಜೋರಾಗಿ ತಾಕಿದರೆ ವಸ್ತು ಹೆಚ್ಚು ಬಾಗುತ್ತದೆ, ನಷ್ಟದ ಪಾಲು ಹೆಚ್ಚುತ್ತದೆ. ಮೆಲ್ಲಗೆ ತಾಕಿದರೆ ನಷ್ಟದ ಪಾಲು ಕಡಿಮೆ. ಬಹಳ ಮೆಲ್ಲಗೆ ತಾಕಿದರೆ? ಈ ಪ್ರಶ್ನೆಯನ್ನು ಕೈಗೆತ್ತಿಕೊಂಡವರಲ್ಲಿ ಒಬ್ಬರು ಸಿ.ವಿ. ರಾಮನ್. 1907ರಲ್ಲಿ ಹಣಕಾಸು ಇಲಾಖೆಯ ಅಧಿಕಾರಿಯಾಗಿ ಕಲ್ಕತ್ತೆಗೆ ಹೋದ ಅವರು ಕಚೇರಿಗೆ ಮುಂಚೆ ಮತ್ತು ಕಚೇರಿ ಮುಗಿದ ಮೇಲೆ ಪ್ರಯೋಗಾಲಯದಲ್ಲಿ ದುಡಿಯುತ್ತಿದ್ದರು. 1917ರಲ್ಲಿ ಆ ಹುದ್ದೆ ಬಿಟ್ಟು ಪ್ರಾಧ್ಯಾಪಕರಾದರು. ಗುಂಡುಗಳನ್ನು ಅತಿ ನಿಧಾನವಾಗಿ ಡಿಕ್ಕಿ ಹೊಡೆಸಿ, ಛಾಯಾಚಿತ್ರದ ನೆರವಿನಿಂದ ಅವುಗಳ ವೇಗವನ್ನು ಅಳೆದ ಅವರ ಲೇಖನ 1918ರಲ್ಲಿ ಅಮೆರಿಕದ 'ಫಿಸಿಕಲ್ ರಿವ್ಯೂ' ಪತ್ರಿಕೆಯಲ್ಲಿ ಬಂತು. ಡಿಕ್ಕಿ ಮೆಲ್ಲಗಾದಂತೆ ಹಿಂತಿರುಗುವ ಪಾಲು ಪೂರ್ಣಕ್ಕೆ ಸಮೀಪಿಸುತ್ತದೆ ಎಂಬುದು ಅದರ ತಿರುಳು. ರಾಮನ್ ಬಳಸಿದ್ದು ಗಟ್ಟಿ ಗುಂಡುಗಳನ್ನು, ಹುಡುಗ ಬಳಸಿದ್ದು ಟೊಳ್ಳು ರಬ್ಬರ್ ಚೆಂಡನ್ನು. ಆದರೂ ವಾಲಿಕೆ ಒಂದೇ ದಿಕ್ಕಿನದು.

ಫೆಬ್ರವರಿ 28ರಂದು ದೇಶವೆಲ್ಲ ವಿಜ್ಞಾನ ದಿನ ಆಚರಿಸುವುದು ಇದೇ ರಾಮನ್ 1928ರಲ್ಲಿ ಅದೇ ದಿನ ಬೆಳಕಿನ ಚದರಿಕೆಯಲ್ಲಿ ಕಂಡ ಹೊಸ ಪರಿಣಾಮದ ನೆನಪಿಗೆ. 1930ರಲ್ಲಿ ಅದಕ್ಕೆ ನೊಬೆಲ್ ಬಂತು. 1933ರಲ್ಲಿ ಬೆಂಗಳೂರಿಗೆ ಬಂದ ರಾಮನ್ 1970ರಲ್ಲಿ ಇಲ್ಲಿಯೇ ತೀರಿಕೊಂಡರು. ಆ ಪರಿಣಾಮವೂ ಒಂದು ರೀತಿಯಲ್ಲಿ 'ಇರಬಾರದ' ಮಸುಕು ಬೆಳಕೇ. ಚದರಿದ ಬೆಳಕಿನಲ್ಲಿ ಬಂದ ಬಣ್ಣವೇ ಹೋಗಬೇಕಿತ್ತು, ಜೊತೆಗೆ ಇನ್ನೊಂದು ಬಹಳ ಕ್ಷೀಣವಾಗಿ ಕಂಡಿತು. ಕಂಡದ್ದನ್ನು ದ್ರವದ ಕೊಳೆಯೆಂದು ತಳ್ಳಿಬಿಡಲಿಲ್ಲ. ಶುದ್ಧ ಮಾಡಿ, ಮತ್ತೆ ಮಾಡಿ ನೋಡಿದರು.

ಪ್ರದರ್ಶನದ ದಿನ

ವಿಜ್ಞಾನ ದಿನದಂದು ಹುಡುಗನ ಮೇಜು ಬಡವಾಗಿತ್ತು. ಒಂದು ಚಪ್ಪಡಿ ತುಂಡು, ಎರಡು ಚೆಂಡು, ಒಂದು ಗೋಲಿ, ಪೆನ್ನಿನಲ್ಲಿ ಬರೆದ ಪಟ್ಟಿ. ನಕ್ಷೆಯ ಗೆರೆ ನೇರವಾಗಿರಲಿಲ್ಲ. ಮೇಲೆ ಹೋಗುತ್ತ ಸ್ವಲ್ಪ ಬಾಗಿತ್ತು. ಪಕ್ಕದ ಮೇಜಿನಲ್ಲಿ ಗೈಡಿನದೇ ನೇರ ಗೆರೆ ಇತ್ತು. ತೀರ್ಪುಗಾರರಲ್ಲಿ ಒಬ್ಬರು ಎರಡನ್ನೂ ನೋಡಿ, "ನಿನ್ನದು ಯಾಕಪ್ಪ ಬಾಗಿದೆ?" ಎಂದರು. ಹುಡುಗ ಉತ್ತರ ಹೇಳುವ ಬದಲು "ಬಿಟ್ಟು ತೋರಿಸಲಾ ಸಾರ್?" ಎಂದು ಚೆಂಡು ಕೈಗೆತ್ತಿಕೊಂಡ. ಮೊದಲ ಬಹುಮಾನ ಹೊಗೆಯುಗುಳಿದ ಜ್ವಾಲಾಮುಖಿಗೇ ಹೋಯಿತು. ಹುಡುಗನಿಗೆ ಹತ್ತಕ್ಕೆ ಎಂಟು ಅಂಕ ಬಂದವು. ವಿಜ್ಞಾನದ ಮೇಡಂ ಮಾತ್ರ ಪುಸ್ತಕವನ್ನು ಹಿಂತಿರುಗಿಸಲಿಲ್ಲ. ಮುಂದಿನ ವರ್ಷದ ಮಕ್ಕಳಿಗೆ ತೋರಿಸಲು ಬೇಕೆಂದು ಇಟ್ಟುಕೊಂಡರು. ಅಳಿಸಿದ ಪುಟವೂ ಅದರಲ್ಲೇ ಇದೆ. ಹರಿದುಹಾಕಲೇ ಎಂದು ಮಗ ಕೇಳಿದಾಗ ತಂದೆ ಬೇಡವೆಂದಿದ್ದರು.

"ಎರಡು ಮಾರ್ಕ್ಸ್ ಹೋಯ್ತಲ್ಲ" ಎಂದು ತಾಯಿ ಅಂದದ್ದು ನಿಜ. ಆದರೆ ಆ ವಾರ ಮನೆಗೆ ಬಂದವರಿಗೆಲ್ಲ ತಗಡಿನ ಮೇಲಿನ ಚೆಂಡಿನ ಕಥೆ ಹೇಳಿದವರೂ ಅವರೇ.

ಈ ಪ್ರಯೋಗ ಯಾವ ಮನೆಯಲ್ಲಾದರೂ ಮಾಡಬಹುದು. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ: ಎತ್ತರ, ನೆಲ, ಚೆಂಡು ಅಥವಾ ಬಿಸಿ. ಪ್ರತಿಯೊಂದನ್ನೂ ಐದು ಸಲ ಮಾಡಿ. ಚೆಂಡು ಎಲ್ಲಿತ್ತು, ಎಷ್ಟು ಹೊತ್ತಿನಲ್ಲಿ ಅಳೆದಿರಿ ಎಂಬುದನ್ನೂ ಪಕ್ಕದಲ್ಲಿ ಬರೆಯಿರಿ. ಬೇಡವೆನಿಸಿದ ಅಂಕಿಯ ಮೇಲೆ ಒಂದು ಗೆರೆ ಎಳೆಯಿರಿ, ಅಳಿಸಬೇಡಿ. ಹೆತ್ತವರು ಉತ್ತರ ಹೇಳಿಕೊಡುವ ಅಗತ್ಯವಿಲ್ಲ. ಪಕ್ಕದಲ್ಲಿ ಕೂತು "ಅವತ್ತು ಚೆಂಡು ಎಲ್ಲಿತ್ತು?" ಎಂದು ಕೇಳಿದರೂ ಸಾಕು.

ಏಪ್ರಿಲ್‌ನಲ್ಲಿ ಒಂದು ಸಂಜೆ ಆನೇಕಲ್ಲಿನಲ್ಲಿ ಜೋರು ಗಾಳಿ, ಹಿಂದೆಯೇ ಆಲಿಕಲ್ಲು ಮಳೆ. ಆಲಿಕಲ್ಲಿಗೆ ಆನೆಕಲ್ಲು ಎಂದೂ ಹೆಸರು. ಊರಿಗೆ ಆ ಹೆಸರು ಅದರಿಂದಲೇ ಬಂತೆಂದು ಹೇಳುವವರಿದ್ದಾರೆ. ತಂಗಿ ಆರಿಸಿಕೊಂಡು ಬಾಯಿಗೆ ಹಾಕಿಕೊಳ್ಳಲು ಓಡಿದಳು. ಹುಡುಗ ಬಾಗಿಲಲ್ಲೇ ನಿಂತಿದ್ದ. ಚಪ್ಪಡಿಯ ಮೇಲೆ ಬಿದ್ದ ಕಲ್ಲುಗಳು ಮೊಣಕಾಲೆತ್ತರಕ್ಕೆ ಚಿಮ್ಮುತ್ತಿದ್ದವು. ಹೂವಿನ ಪಾತಿಯ ಮಣ್ಣಿಗೆ ಬಿದ್ದವು ಬಿದ್ದಲ್ಲೇ ಹೂತು ಕೂರುತ್ತಿದ್ದವು.

"ಅಪ್ಪ, ಟೇಪು ಎಲ್ಲಿಟ್ಟಿದೀಯ?" ಎಂದು ಅವನು ಕೂಗಿದ.